ನಾಲ್ಕು ತಾಸಿಗೊಮ್ಮೆ

ಇದು ಮನೆಯಲ್ಲಿ ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ಹುಡುಗಿಯ ಅಜ್ಜ. ರಾಯಚೂರು ಕಡೆಯವರು, ರೈಲ್ವೆಯಲ್ಲಿ ಗಾರ್ಡ್ ಆಗಿ ದುಡಿದು ನಿವೃತ್ತರಾಗಿ ತೆಲುಗು ಸೀಮೆಯ ಮಲ್ಕಾಜ್‌ಗಿರಿಯಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಒಂಬತ್ತು ವರ್ಷದ ಮೊಮ್ಮಗಳಿಗೆ ಮೂಳೆಯ ಕ್ಯಾನ್ಸರ್. ಇನ್ನು ಕೀಮೋದಿಂದ ಏನೂ ಆಗುವುದಿಲ್ಲವೆಂದು ಡಾಕ್ಟರು ಹೇಳಿ ಮನೆಗೆ ಕಳಿಸಿದ್ದರು. ಉಳಿದ ದಿನಗಳಲ್ಲಿ ಅವಳಿಗೆ ನೋವಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮನೆಮನೆಗೆ ಹೋಗುವ ನರ್ಸ್ ನಾನು.

"ದವಾಖಾನ್ಯಾಗ ತಡೀದ ನೋವು ಮನ್ಯಾಗ ಹ್ಯಾಂಗ ತಡಸ್ತೀರಿ, ಸಿಸ್ಟರ್?" ಎಂದರು ಅಜ್ಜ. ಆಮೇಲೆ ನಾನು ಎಷ್ಟು ಓದಿದ್ದೇನೆ ಎಂದು ಕೇಳಿದರು.

ಆ ಪ್ರಶ್ನೆ ನನಗೆ ಹೊಸದಲ್ಲ. ಬಿಎಸ್ಸಿ ನರ್ಸಿಂಗ್ ಎಂದೆ, ಸ್ವಲ್ಪ ಗಟ್ಟಿಯಾಗಿಯೇ. ನಮ್ಮಪ್ಪ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದ. ಅವ್ವ ಹೆಬ್ಬೆಟ್ಟು. ನಮ್ಮ ಮನೆತನಕ್ಕೆ ಡಿಗ್ರಿ ಅಂತ ಬಂದದ್ದು ನನ್ನಿಂದ, ಅದೂ ಎರಡು ಸಲ ಫೇಲಾದ ಮೇಲೆ. ಅದಕ್ಕೇ ಇರಬೇಕು, ಬರೆದಿಟ್ಟದ್ದರ ಮೇಲೆ ನನಗೆ ವಿಪರೀತ ನಂಬಿಕೆ.

ಹುಡುಗಿಗೆ ಕೊಡಬೇಕಾಗಿದ್ದದ್ದು ಮಾರ್ಫಿನ್. ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ಬಾಯಿಗೆ ಹಾಕುವ ನೋವಿನ ಔಷಧ. ನಾಲ್ಕು ತಾಸಿಗೊಮ್ಮೆ ಕೊಡಲೇಬೇಕು, ನೋವು ಇರಲಿ ಇಲ್ಲದಿರಲಿ. ನೋವು ಏರಿದ ಮೇಲೆ ಕೊಟ್ಟರೆ ಅದನ್ನು ಇಳಿಸಲು ಹೆಣಗಬೇಕಾಗುತ್ತದೆ. ಇದನ್ನೆಲ್ಲ ಅಜ್ಜನಿಗೂ ಹುಡುಗಿಯ ತಾಯಿಗೂ ಹೇಳಿ, ಅಳತೆ ತೋರಿಸಿ, ಕೊಟ್ಟಾಗಲೆಲ್ಲ ಗುರುತು ಹಾಕಲು ಒಂದು ಚಾರ್ಟ್ ಕೊಟ್ಟು ಬಂದೆ. ತಂದೆ ರೈಲು ಓಡಿಸುವವನು, ಡ್ಯೂಟಿಯ ಮೇಲೆ ಹೊರಗೇ ಹೆಚ್ಚು. ಹಾಗಾಗಿ ಔಷಧದ ಜವಾಬ್ದಾರಿಯನ್ನು ಅಜ್ಜ ವಹಿಸಿಕೊಂಡರು.

ಒಂದು ವಾರ ಬಿಟ್ಟು ಹೋದೆ. ಚಾರ್ಟ್ ನೋಡಿ ಖುಷಿಯಾಯಿತು. 06.00, 10.00, 14.00 ಎಂದು ಒಂದು ಹೊತ್ತೂ ತಪ್ಪದೆ ಗಾರ್ಡಿನ ಕೈಬರಹದಲ್ಲಿ ತುಂಬಿಸಿದ್ದರು. "ಎಲ್ಲಾ ರೈಟ್ ಟೈಮ್ ಅದಾವ್ರಿ" ಎಂದರು. ಹುಡುಗಿ ಮಾತ್ರ ಗೋಡೆಯ ಕಡೆ ಮುದುಡಿಕೊಂಡಿದ್ದಳು, ಕಾಲಿಗೆ ಚಾದರ ತಾಗಿದರೂ ಹಲ್ಲು ಕಚ್ಚುತ್ತಿದ್ದಳು. ಪ್ರಮಾಣ ಸಾಲುತ್ತಿಲ್ಲ ಎಂದು ಡಾಕ್ಟರಿಗೆ ಫೋನು ಮಾಡಿದೆ. ಹೆಚ್ಚಿಸಿದರು. ಎರಡನೇ ವಾರವೂ ಅದೇ ಚಾರ್ಟ್, ಅದೇ ಮುದುಡಿದ ಹುಡುಗಿ. ಮತ್ತೆ ಹೆಚ್ಚಿಸಿದರು. ಹೊಸ ಬಾಟಲಿಯನ್ನೂ ತಂದುಕೊಟ್ಟೆ. ಹನಿಹನಿ ಹೆಚ್ಚಿಸುತ್ತಾರಲ್ಲ ಎಂದು ಡಾಕ್ಟರ ಮೇಲೆ ಸಿಟ್ಟು ಮಾಡಿಕೊಂಡು, ಬರುವಾಗ ಆಟೋದವನ ಜೊತೆಗೂ ಜಗಳವಾಡಿದೆ.

ಮೂರನೇ ವಾರ ಹೋದಾಗ ಅಜ್ಜ ಹಾಲು ತರಲು ಹೋಗಿದ್ದರು. ಹುಡುಗಿ ನನ್ನನ್ನೇ ನೋಡುತ್ತ, "ಅಕ್ಕಾ, ನೀ ದಿನಾ ಬರಾಕ ಆಗೂದಿಲ್ಲೇನು?" ಎಂದಳು.

ಯಾಕೆಂದು ಕೇಳಿದೆ.

"ನೀ ಬಂದಾಗ ನಿನ್ನ ಮುಂದ ಅಷ್ಟ ಅಜ್ಜ ಔಷಧ ಕೊಡ್ತಾನ. ಬರಿಯೂದು ಮಾತ್ರ ದಿನಾ ಬರೀತಾನ."

ಅಷ್ಟು ನೋವಿನಲ್ಲೂ ಅಜ್ಜನನ್ನು ಹಿಡಿದುಕೊಟ್ಟ ತುಂಟನಗು ಅವಳ ಮುಖದಲ್ಲಿತ್ತು. ತಾಯಿ ತಲೆ ತಗ್ಗಿಸಿಕೊಂಡು ಹೋಗಿ ಅಲಮಾರಿಯಿಂದ ಬಾಟಲಿಗಳನ್ನು ತಂದಿಟ್ಟಳು. ಮೊದಲನೆಯದು ಕತ್ತಿನಿಂದ ಎರಡು ಬೆರಳು ಇಳಿದಿತ್ತು. ಎರಡನೆಯದರ ಸೀಲೂ ಒಡೆದಿರಲಿಲ್ಲ.

ಕುಡಿಯದ ಔಷಧದ ಲೆಕ್ಕ ಹಿಡಿದು ಎರಡು ಸಲ ಪ್ರಮಾಣ ಏರಿಸಿದ್ದೆವು. ಒಂದು ದಿನ ಅಜ್ಜ ಮನಸ್ಸು ಬದಲಿಸಿ ಏರಿಸಿದಷ್ಟನ್ನೇ ಸಾಲಾಗಿ ಕೊಟ್ಟು, ಅವಳ ಉಸಿರೇ ನಿಂತಿದ್ದರೆ? ನಾನು ಬಾಟಲಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಓದು ಬಾರದ ನಮ್ಮವ್ವನಾಗಿದ್ದರೆ ಮೊದಲ ದಿನವೇ ಬಾಟಲಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು.

ಡಾಕ್ಟರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಬೈಸಿಕೊಂಡು, ಮೊದಲಿನ ಪ್ರಮಾಣದಿಂದಲೇ ಶುರು ಮಾಡಿದೆ.

ಅಜ್ಜ ಹಾಲಿನ ಪ್ಯಾಕೆಟ್ಟು ಹಿಡಿದು ಬಂದರು. ಮೇಜಿನ ಮೇಲಿನ ಬಾಟಲಿ ಕಂಡರೂ ನಾಚಿಕೊಳ್ಳಲಿಲ್ಲ. ಇದು ಕಡೆಯ ಔಷಧ, ಇದರ ಮುಂದೆ ಬೇರೆ ಇಲ್ಲ ಎಂದು ಆಸ್ಪತ್ರೆಯಲ್ಲಿ ಯಾರೋ ಅವರ ಕಿವಿಗೆ ಹಾಕಿದ್ದರಂತೆ. ಯಾರೋ ಏನು, ನಮ್ಮ ನರ್ಸು-ಡಾಕ್ಟರುಗಳಲ್ಲೇ ಅರ್ಧ ಜನ ಹಾಗೆ ಹೇಳುತ್ತಾರೆ. ಅದು ತಪ್ಪು ಎಂದು ವರ್ಷವರ್ಷ ತರಬೇತಿ ಕೊಡುತ್ತೇವೆ. ಬಂದು ಸಮೋಸ ತಿಂದು, ಸಹಿ ಹಾಕಿ, ವಾರ್ಡಿಗೆ ಹೋಗಿ ಮತ್ತೆ ಅದನ್ನೇ ಹೇಳುತ್ತಾರೆ.

"ಈಗ್ಲೇ ಎಲ್ಲಾ ಕೊಟ್ಟು ಮುಗಿಸಿದ್ರ, ಖರೇ ದೊಡ್ಡ ನೋವು ಬಂದಾಗ ಏನು ಕೊಡ್ಲಿ?" ಎಂದರು ಅಜ್ಜ. ಚಾರ್ಟ್ ಖಾಲಿ ಬಿಟ್ಟರೆ ಬೇಡವಾಗಿದೆಯೆಂದು ನಾವು ಔಷಧವನ್ನು ವಾಪಸ್ ಒಯ್ಯುತ್ತೇವೆ ಎಂಬ ಭಯಕ್ಕೆ ಅದನ್ನು ತುಂಬಿಸುತ್ತಿದ್ದರು.

"ಅಜ್ಜಾರ, ಆ ದೊಡ್ಡ ನೋವು ಬಂದು ಮೂರು ವಾರ ಆತ್ರಿ" ಎಂದೆ. ಹಿರಿಯರೊಡನೆ ಆಡುವ ದನಿಯಲ್ಲ ಅದು. ಅವರು ಹಾಲಿನ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದೇ ಕುಳಿತರು.

ಅಂದಿನಿಂದ ಔಷಧ ತಾಯಿಯ ಕೈಗೆ ಬಂತು. ಮೂರನೇ ದಿನಕ್ಕೆ ಹುಡುಗಿ ದಿಂಬಿಗೆ ಒರಗಿ ಕುಳಿತಳು. ಪಕ್ಕದ ಮನೆಯ ಗೆಳತಿಯೊಂದಿಗೆ ಕೇರಂ ಆಡುತ್ತ, ಮೋಸ ಮಾಡಿದಳೆಂದು ತೆಲುಗಿನಲ್ಲಿ ಬೈಯುತ್ತಿದ್ದಳು. ಮಿರ್ಚಿ ಬಜ್ಜಿ ಬೇಕೆಂದು ಹಟ ಮಾಡಿ ಒಂದು ತುಂಡು ತಿಂದಳು. ತಾಯಿ ನನ್ನ ಕೈ ಹಿಡಿದು ಭಾಳ ಉಪಕಾರವಾಯಿತು ಎಂದಾಗ ನನಗೆ ಎದ್ದು ಹೋಗಬೇಕೆನಿಸಿತು. ಈ ಕೇರಂ, ಈ ಬಜ್ಜಿ ಮೂರು ವಾರ ಹಿಂದೆಯೇ ಆಗಬಹುದಿತ್ತು.

ಹಾಗೆ ಹನ್ನೊಂದು ದಿನ ಸಿಕ್ಕಿತು. ಹನ್ನೆರಡನೆಯ ದಿನ ಬೆಳಿಗ್ಗೆ ಹತ್ತರ ಔಷಧ ಕುಡಿದು, ತಾಯಿಯ ತೊಡೆಯ ಮೇಲೆ ಮಲಗಿದವಳು ಏಳಲಿಲ್ಲ. ನರಳಲಿಲ್ಲ.

ಮನೆಯಲ್ಲಿ ಸಾವಾದರೆ ಡಾಕ್ಟರ ಸರ್ಟಿಫಿಕೇಟು ಬೇಕೇ ಬೇಕು. ಬರೆಸಿಕೊಂಡು ಮಧ್ಯಾಹ್ನವೇ ಒಯ್ದೆ. ಅಜ್ಜ ಬಾಗಿಲಲ್ಲೇ ಕೈಚಾಚಿ ಇಸಕೊಂಡರು. ಕನ್ನಡಕ ಹಾಕಿ ಹೆಸರು, ವಯಸ್ಸು, ರೋಗ, ಹೊತ್ತು ಎಲ್ಲವನ್ನೂ ಓದಿದರು. ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಮೂರು ವಾರ ನಾ ಔಷಧ ಕೊಡಲಿಲ್ಲ. ಅದನ್ನ ಇದರಾಗ ಎಲ್ಲಿ ಬರದೀರವ್ವಾ?" ಎಂದರು.