‘ಇಳಿಯಬೇಕಾಗಿಲ್ಲ’, ‘ಇಳಿಯಬಾರದು’: ಮಸಿನಗುಡಿಯ ಲಿಂಗಮ್ಮನ ಪಾಠ

ಬೆಳಗಿನ ಐದೂವರೆ. ತಮಿಳುನಾಡಿನ ನೀಲಗಿರಿ ತಪ್ಪಲಿನ ಮಸಿನಗುಡಿಯ ಜೀಪ್ ಸ್ಟ್ಯಾಂಡಿನಲ್ಲಿ ಮಂಜು ಇನ್ನೂ ಕರಗಿಲ್ಲ. ಟೀ ಅಂಗಡಿಯ ಜಗಲಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಅದರ ಕೆಳಗೆ ಮಂಕಿ ಟೋಪಿ ಹಾಕಿದ, ಶಾಲು ಹೊದ್ದ ಹನ್ನೊಂದು ಜನ ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂತಿದ್ದಾರೆ. ಎದುರಿಗೆ ನಿಂತಾಕೆ ಸ್ವೆಟರಿನ ತೋಳು ಮೇಲೆ ಸರಿಸಿ, ಕಪ್ಪು ಬಣ್ಣ ಬಳಿದ ಹಲಗೆಯ ಮೇಲೆ ಸೀಮೆಸುಣ್ಣದಿಂದ ‘ಶೀ’, ‘ಕ್ಯಾನ್’ ಎಂದು ಬರೆದು, ಮುಂದೆ ಖಾಲಿ ಬಿಡುತ್ತಾರೆ.

“ಕಣ್ಣಾ, ‘ಹೋಗು’ ಅನ್ನೋದನ್ನ ಸೇರಿಸಿ ಹೇಳಪ್ಪ.”

“ಶೀ ಕ್ಯಾನ್ ಗೋಸ್,” ಎನ್ನುತ್ತಾನೆ ಜೀಪ್ ಚಾಲಕ ಕಣ್ಣನ್.

“ಅವ್ಳು ಹೋಗ್ಬೌದು, ಅವ್ನು ಹೋಗ್ಬೌದು. ‘ಬೌದು’ ಏನಾರ ಬದಲಾಯ್ತಾ?”

“ಇಲ್ಲಕ್ಕ.”

“ನಿಮ್ ತಮಿಳಲ್ಲಿ?”

“ಅವನ್ ಪೋಗಲಾಂ, ಅವಳ್ ಪೋಗಲಾಂ. ಅಲ್ಲೂ ಇಲ್ಲ.”

“ಇಲ್ಲೂ ಹಂಗೇಯ. ಶೀ ಗೋಸ್ ಸರಿ. ಮಧ್ಯ ‘ಕ್ಯಾನ್’ ಬಂತು ಅಂದ್ರೆ ಆ ಬಾಲ ಕತ್ತರಿಸಬೇಕು. ಶೀ ಕ್ಯಾನ್ ಗೋ.”

ಹನ್ನೊಂದು ಬಾಯಿಗಳಿಂದ ಒಟ್ಟಿಗೆ ಹಬೆ ಹೊರಡುತ್ತದೆ: “ಶೀ ಕ್ಯಾನ್ ಗೋ!”

ಈಕೆ ಲಿಂಗಮ್ಮ. ವಯಸ್ಸು ನಲವತ್ತೆಂಟು. ಊರು ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಮಾವನಲ್ಲ ಎಂಬ ಹಳ್ಳಿ. ಅಜ್ಜನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಕುಟುಂಬ. ಓದಿದ್ದು ಎಂಟನೇ ಕ್ಲಾಸು. ಕೆಲಸ, ಹತ್ತಿರದ ಒಂದು ರೆಸಾರ್ಟಿನಲ್ಲಿ ಕೋಣೆ ಸ್ವಚ್ಛ ಮಾಡುವುದು. ದಿನಕ್ಕೆ ಹದಿನಾಲ್ಕು ಕೋಣೆ, ಇಪ್ಪತ್ತೆಂಟು ಹಾಸುಬಟ್ಟೆ. ಆ ಕೆಲಸ ಶುರುವಾಗುವುದು ಏಳಕ್ಕೆ. ಅದಕ್ಕೂ ಮೊದಲು ಮುಕ್ಕಾಲು ಗಂಟೆ, ವಾರಕ್ಕೆ ಆರು ದಿನ, ಈ ಜಗಲಿಯಲ್ಲಿ ಇಂಗ್ಲಿಷ್ ಪಾಠ. ಕಲಿಯುವವರು ಜೀಪ್ ಚಾಲಕರು, ಅಡುಗೆಯವರು, ಕಾವಲುಗಾರರು, ಪಾತ್ರೆ ತೊಳೆಯುವ ಹೆಂಗಸರು. ಏಳು ವರ್ಷದಲ್ಲಿ ನೂರಾ ಅರವತ್ತಕ್ಕೂ ಹೆಚ್ಚು ಜನ ಈ ಬೆಂಚುಗಳ ಮೇಲೆ ಕೂತು ಎದ್ದಿದ್ದಾರೆ. ಯಾರಿಂದಲೂ ಅವರು ಏನೂ ಪಡೆಯುವುದಿಲ್ಲ.

ಪಾಠವೂ ದೊಡ್ಡದಲ್ಲ. ಕ್ಯಾನ್, ಕುಡ್, ಮೇ, ಮಸ್ಟ್, ಶುಡ್, ವಿಲ್. ಇಷ್ಟರ ಜೊತೆಗೆ ಕ್ರಿಯಾಪದವನ್ನು ಹೇಗೆ ಕೂಡಿಸಬೇಕು ಅನ್ನುವುದೇ ಬಹುಪಾಲು. “ನಮ್ಮೋರು ಗೆಸ್ಟ್ ಹತ್ರ ಮಾತಾಡೋದೇ ಇಷ್ಟು ಸಾರ್. ಹೋಗ್ಬೌದು, ಹೋಗ್ಬೇಕು, ಹೋಗ್ಬಾರ್ದು, ತರ್ಲಾ, ಕಾಯ್ತೀರಾ. ಇದು ಸರಿಯಾಗ್ ಬಂದ್ರೆ ದಿನ ಕಳೀತದೆ,” ಎನ್ನುತ್ತಾರೆ ಲಿಂಗಮ್ಮ.

ಎಂಟನೇ ಕ್ಲಾಸಿನ ಹೆಣ್ಣುಮಗಳಿಗೆ ಈ ವ್ಯಾಕರಣ ಎಲ್ಲಿಂದ ಬಂತು? ಹದಿನಾಲ್ಕನೇ ವಯಸ್ಸಿಗೆ ತಂದೆ ತೀರಿಕೊಂಡಾಗ, ಲಿಂಗಮ್ಮನನ್ನು ಊಟಿ ಬಳಿಯ ಲವ್‌ಡೇಲ್‌ನಲ್ಲಿದ್ದ ನಿವೃತ್ತ ಇಂಗ್ಲಿಷ್ ಶಿಕ್ಷಕಿ ತೇನ್ಮೊಳಿ ಅವರ ಮನೆಗೆಲಸಕ್ಕೆ ಸೇರಿಸಿದರು. ಟೀಚರಮ್ಮನಿಗೆ ಕಣ್ಣು ಮಂದವಾಗುತ್ತಿತ್ತು. ಇಂಗ್ಲಿಷ್ ಪತ್ರಿಕೆ ಓದಿ ಹೇಳಲು ಯಾರಾದರೂ ಬೇಕಿತ್ತು. ಅಕ್ಷರ ಗೊತ್ತಿದ್ದ ಹುಡುಗಿಯನ್ನು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಓದಿಸತೊಡಗಿದರು. ಒಂದು ದಿನ ಹುಡುಗಿ ಧೈರ್ಯ ಮಾಡಿ, “ಮೇಡಮ್, ಯು ಮಸ್ಟ್ ಟು ಟೇಕ್ ಟ್ಯಾಬ್ಲೆಟ್” ಅಂದಳು.

“ಟೀಚರಮ್ಮ ನಗ್ನಿಲ್ಲ. ‘ನೀನು ಹೋಗ್ಬೇಕು ಅಂತೀಯೋ, ಹೋಗಕ್ಕೆ ಬೇಕು ಅಂತೀಯೋ?’ ಅಂದ್ರು. ಹೋಗ್ಬೇಕು ಅಂದೆ. ‘ನಡುವೆ ಏನೂ ಇಲ್ದೆ ಅಂಟಿಸ್ದೆ ನೋಡು. ಮಸ್ಟ್ ಕೂಡ ಹಂಗೇ ಅಂಟ್ಕೋತದೆ, ಟು ಬೇಡ. ಹ್ಯಾವ್ ಟು, ಆಟ್ ಟು, ಇವೆರಡ್ರಲ್ಲಿ ಮಾತ್ರ ಟು ಬಿಡಬೇಡ’ ಅಂದ್ರು. ಅವತ್ತಿಂದ ಇಂಗ್ಲಿಷ್ ಬೇರೆ ಊರಿನ ಮಾತು ಅನ್ನಿಸ್ಲಿಲ್ಲ.”

ಒಂಬತ್ತು ವರ್ಷ ಆ ಮನೆಯಲ್ಲಿದ್ದು, ಮದುವೆಯಾಗಿ ಊರಿಗೆ ಬಂದರು. ಪತಿ ಬೆಟ್ಟಯ್ಯ ಎರಡು ಹಸು ಸಾಕಿಕೊಂಡು, ಒಂದೆಕರೆಯಲ್ಲಿ ರಾಗಿ, ತರಕಾರಿ ಬೆಳೆಯುತ್ತಾರೆ. ರೆಸಾರ್ಟಿಗೆ ಸೇರಿದ ಲಿಂಗಮ್ಮ ಹದಿನೈದು ವರ್ಷ ಇಂಗ್ಲಿಷ್ ಕೇಳಿಸಿಕೊಂಡರೇ ವಿನಾ ಬಾಯಿ ತೆರೆದು ಆಡಲಿಲ್ಲ. ಕೋಣೆ ಗುಡಿಸುವವರು ಅತಿಥಿಗಳ ಜೊತೆ ಮಾತಾಡಕೂಡದು ಎಂಬುದು ಅಲ್ಲಿನ ನಿಯಮ.

ಆ ನಿಯಮ ಮುರಿಯುವಂತೆ ಮಾಡಿದ್ದು ಒಂದು ಆನೆ.

ಏಳು ವರ್ಷದ ಹಿಂದಿನ ಡಿಸೆಂಬರ್. ಜೀಪ್ ಚಾಲಕ ಮಹದೇವಸ್ವಾಮಿ ವಿದೇಶದ ಹಿರಿಯ ಅತಿಥಿಯೊಬ್ಬರನ್ನು ಕರೆದುಕೊಂಡು ಹೋಗುತ್ತಿದ್ದಾಗ ರಸ್ತೆಯ ಪಕ್ಕದ ಪೊದೆಯಲ್ಲಿ ಒಂಟಿ ಸಲಗ ನಿಂತಿತ್ತು. ಅತಿಥಿ ಕ್ಯಾಮೆರಾ ಹಿಡಿದು ಬಾಗಿಲಿಗೆ ಕೈ ಹಾಕಿದರು. ‘ಇಳಿಯಬಾರದು’ ಎನ್ನಬೇಕಿತ್ತು ಮಹದೇವಸ್ವಾಮಿ. ಬರೀ ‘ಡೋಂಟ್’ ಅಂದರೆ ಮರ್ಯಾದೆ ಕೆಟ್ಟೀತೆಂದು, ಹೋಟೆಲಿನವರ ಬಾಯಲ್ಲಿ ಕೇಳಿದ್ದ ನಯವಾದ ಮಾತೊಂದನ್ನು ಆರಿಸಿಕೊಂಡರು: “ಸಾರ್, ಯು ಡೋಂಟ್ ಹ್ಯಾವ್ ಟು ಗೆಟ್ ಡೌನ್.”

ಅದರ ಅರ್ಥ ‘ಇಳಿಯಬೇಕಾಗಿಲ್ಲ’. ಇಳಿದರೂ ಸರಿ, ಬಿಟ್ಟರೂ ಸರಿ. ಪರವಾಗಿಲ್ಲ ಎಂದು ನಕ್ಕು ಅತಿಥಿ ಇಳಿದೇ ಬಿಟ್ಟರು. ಸಲಗ ಕಿವಿ ಅಗಲಿಸಿ ಇಪ್ಪತ್ತು ಹೆಜ್ಜೆ ನುಗ್ಗಿ ಬಂತು. ಓಡುವಾಗ ಬಿದ್ದು ಅವರ ಮಣಿಕಟ್ಟು ಮುರಿಯಿತು. ಮಹದೇವಸ್ವಾಮಿ ಹಾರಿಳಿದು, ಅವರನ್ನು ಎಳೆದು ಒಳಗೆ ಹಾಕಿಕೊಂಡು ಬಂದಿದ್ದರಿಂದ ಜೀವ ಉಳಿಯಿತು.

“ಡ್ರೈವರ್ ಎಚ್ಚರಿಸಲೇ ಇಲ್ಲ” ಎಂದು ದೂರಾಯಿತು. “ಹೇಳ್ದೆ ಕನಪ್ಪ, ದೇವರಾಣೆಗೂ ಹೇಳ್ದೆ!” ಎಂದು ಮಹದೇವಸ್ವಾಮಿ ಗೋಳಾಡಿದರು. ಯಾರೂ ನಂಬಲಿಲ್ಲ. ನಾಳೆಯಿಂದ ಈ ಗೇಟಿನೊಳಗೆ ಬರಬೇಡ ಅಂದರು ರೆಸಾರ್ಟಿನವರು.

ಮರುದಿನ ಆ ಅತಿಥಿಯ ಕೋಣೆ ಗುಡಿಸಲು ಹೋದದ್ದು ಲಿಂಗಮ್ಮ. ಅವರು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಿಟಕಿಯ ಬಳಿ ಕೂತಿದ್ದರು. “ಪೊರಕೆ ಹಿಡ್ಕೊಂಡೇ ನಿಂತೆ ಸಾರ್. ಕೆಲ್ಸ ಹೋದ್ರೆ ಏನ್ ಗತಿ ಅಂತ ಒಂದ್ ಕಡೆ. ಮಾದೇವಣ್ಣ ಸುಳ್ಳು ಹೇಳೋ ಮನುಷ್ಯ ಅಲ್ಲ ಅಂತ ಇನ್ನೊಂದ್ ಕಡೆ. ಆಮೇಲೆ ಕೇಳೇಬುಟ್ಟೆ, ಡ್ರೈವರ್ ನಿಮಗೆ ಏನಂದ, ಅದೇ ಮಾತು ಹೇಳಿ ಅಂತ.”

ಅತಿಥಿ ಒಂದು ಪದವನ್ನೂ ಬಿಡದೆ ಹೇಳಿದರು. ಲಿಂಗಮ್ಮನಿಗೆ ತಕ್ಷಣ ಹೊಳೆಯಿತು. “ಸಾರ್, ಹಿ ವಾಂಟೆಡ್ ಟು ಸೇ, ಯು ಮಸ್ಟ್ ನಾಟ್,” ಅಂದರು. ಅತಿಥಿ ಎದ್ದು ನೇರ ಕಚೇರಿಗೆ ನಡೆದು, “ಅವನು ನನಗೆ ಎಚ್ಚರಿಕೆ ಕೊಟ್ಟಿದ್ದಾನೆ. ನನಗೇ ತಿಳಿಯಲಿಲ್ಲ. ನನ್ನನ್ನು ಉಳಿಸಿದವನೂ ಅವನೇ” ಎಂದರು. ಮಹದೇವಸ್ವಾಮಿ ಕೆಲಸಕ್ಕೆ ಮರಳಿದರು. ಲಿಂಗಮ್ಮನ ಕೆಲಸವೂ ಉಳಿಯಿತು.

“ಅವತ್ತು ಸಂಜೆ ಲಿಂಗಕ್ಕನ ಮನೆ ಮುಂದೆ ಹೋಗಿ ಕೂತೆ,” ಎಂದು ನೆನೆಯುತ್ತಾರೆ ಮಹದೇವಸ್ವಾಮಿ. “ಆ ಎರಡು ಮಾತಿಗೆ ಏನ್ ಯತ್ಯಾಸ ಅಂತ ತಿಳೀದೆ ಇನ್ನೊಂದ್ ಸಲ ಸ್ಟೇರಿಂಗ್ ಮುಟ್ಟಾಕಿಲ್ಲ ಅಂದೆ.”

ಹೀಗೆ ಶುರುವಾಯಿತು ಪಾಠ. ಮೊದಲ ದಿನ ಬಂದವರು ಮೂವರು. ಇಬ್ಬರು ವಾರದೊಳಗೆ ಬಿಟ್ಟರು. ‘ಬಾತ್‌ರೂಮ್ ತೊಳಿಯೋಳು ಇಂಗ್ಲಿಷ್ ಕಲಿಸ್ತಾಳಂತೆ’ ಎಂದು ಸ್ಟ್ಯಾಂಡಿನಲ್ಲಿ ಆಡಿಕೊಂಡು ನಕ್ಕರು. ಕೊರೊನಾ ಬಂದಾಗ ಅತಿಥಿಗಳೇ ಇಲ್ಲದೆ ತಿಂಗಳುಗಟ್ಟಲೆ ಜಗಲಿ ಖಾಲಿ ಬಿತ್ತು. ಲಿಂಗಮ್ಮ ಮಾವನಲ್ಲದ ಹೊಲಗಳಲ್ಲಿ ಕಳೆ ಕೀಳಲು ಹೋದರು. ರಸ್ತೆ ತೆರೆದ ಮೇಲೆ ಅವರನ್ನು ಹುಡುಕಿಕೊಂಡು ಬಂದವರು, ಹಿಂದೆ ನಕ್ಕಿದ್ದ ಅದೇ ಚಾಲಕರು. ನಸುಕಿನಲ್ಲಿ ಆನೆ ಓಡಾಡುವ ದಾರಿಯಲ್ಲಿ ಲಿಂಗಮ್ಮ ಒಬ್ಬರೇ ನಡೆಯಬಾರದೆಂದು ದಿನವೂ ಮಹದೇವಸ್ವಾಮಿ ಜೀಪಿನಲ್ಲಿ ಕರೆತರುತ್ತಾರೆ. ಬೆಳಗಿನ ಉಪ್ಪಿಟ್ಟು ಬೆಟ್ಟಯ್ಯನವರದು. “ಅವ್ಳು ಊರಿಗೆ ಕಲಿಸ್ಲಿ. ನಾನು ಒಲೆ ನೋಡ್ಕೋತೀನಿ,” ಎನ್ನುವಾಗ ಅವರ ದನಿಯಲ್ಲಿ ಬೇಸರವಿಲ್ಲ.

‘ಶುಡ್ ಹ್ಯಾವ್’ ಎಂಬುದನ್ನು ಲಿಂಗಮ್ಮ ಎಲ್ಲಕ್ಕಿಂತ ಕೊನೆಗೆ ಕಲಿಸುತ್ತಾರೆ. ಏಕೆಂದು ಕೇಳಿದೆ. “ಮಾಡ್ಬೇಕಾಗಿತ್ತು, ಹೋಗ್ಬೇಕಾಗಿತ್ತು ಅಂತ ಜಾಸ್ತಿ ಅನ್ಕೋಬಾರ್ದು ಸಾರ್,” ಎಂದರು. “ಟೀಚರಮ್ಮ ಕಾಯಿಲೆ ಬಿದ್ದಾಗ ನಾನು ಲವ್‌ಡೇಲ್‌ಗೆ ಹೋಗ್ಬೇಕಾಗಿತ್ತು. ಹಸುಗೂಸು ಇತ್ತು, ಹೋಗ್ನಿಲ್ಲ. ತೀರ್ಕೊಂಡ ಸುದ್ದಿ ಬಂದಿದ್ದೇ ಹದಿನೈದ್ ದಿನ ಆದ್ಮೇಲೆ.”

ಈಗ ಅವರಿಗೆ ಒಬ್ಬಳು ಜೊತೆಗಾತಿ ಸಿಕ್ಕಿದ್ದಾಳೆ. ವಳ್ಳಿ ನಾಲ್ಕು ವರ್ಷದ ಹಿಂದೆ ಪಾತ್ರೆ ತೊಳೆಯುವ ಕೆಲಸದಿಂದ ಇಲ್ಲಿಗೆ ಬಂದವಳು. ಮೊದಲ ಆರು ತಿಂಗಳು ಬೆಂಚಿನ ತುದಿಯಲ್ಲಿ ಕೂತು ಬಾಯೇ ಬಿಡುತ್ತಿರಲಿಲ್ಲ. ಈಗ ಒಂದು ಹೋಮ್‌ಸ್ಟೇಯಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವುದೇ ಅವಳ ಕೆಲಸ. “ಕುಡ್ ಯು ವೇಯ್ಟ್ ಅಂದ್ರೆ ಎಂಥಾ ಸಿಟ್ಟಿನವರೂ ಕೂತ್ಕೋತಾರೆ,” ಎಂದು ಕಣ್ಣರಳಿಸುತ್ತಾಳೆ. ಕಳೆದ ತಿಂಗಳು ಲಿಂಗಮ್ಮನಿಗೆ ಜ್ವರ ಬಂತು. ಪಾಠ ನಿಲ್ಲಬಾರದೆಂದು ವಳ್ಳಿಯೇ ಸೀಮೆಸುಣ್ಣ ಹಿಡಿದಳು. ಅಂದಿನಿಂದ ಬುಧವಾರ ಮತ್ತು ಶನಿವಾರದ ತರಗತಿ ಅವಳದೇ.

ಮುಂದಿನ ಆಸೆ ಏನೆಂದು ಲಿಂಗಮ್ಮನನ್ನು ಕೇಳುತ್ತೇನೆ. ಮಾವನಲ್ಲದಲ್ಲೂ ಹೆಂಗಸರಿಗೆಂದೇ ಒಂದು ಸಂಜೆ ಪಾಠ ಆಗಬೇಕಂತೆ. ಅದನ್ನೂ ವಳ್ಳಿಯೇ ನಡೆಸಲಿ ಎನ್ನುತ್ತಾರೆ. ಅಷ್ಟು ನಂಬಿಕೆಯೇ ಎಂದರೆ, ಕೈಯ ಸುಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ನಗುತ್ತಾರೆ.

“ಮೊನ್ನೆ ಶನಿವಾರ ಅವ್ಳಿಗೆ ತಿಳೀದಂಗೆ ಬಂದು ಹಿಂದಿನ ಬೆಂಚಲ್ಲಿ ಕೂತೆ ಸಾರ್. ಶಾಲು ಮುಖದ ತನಕ ಹೊದ್ಕೊಂಡಿದ್ದೆ. ತಪ್ಪು ಹುಡುಕೋಣ ಅಂತ ಮುಕ್ಕಾಲು ಗಂಟೆ ಕಿವಿಗೊಟ್ಟು ಕೇಳ್ದೆ. ಒಂದೂ ಸಿಗ್ನಿಲ್ಲ.”