ತಲೆಯಾಡಿಸಿದ್ದು ನಾನು

ಆಕೆ ನನ್ನನ್ನು ಕೇಳಿದ್ದಳು. ಒಂದು ಕೈಯಲ್ಲಿ ಔಷಧದ ಸೀಸೆ, ಇನ್ನೊಂದು ಕೈಯಲ್ಲಿ ಸಿರಿಂಜ್ ಹಿಡಿದುಕೊಂಡು, ನನ್ನ ಮುಂದೆ ಬಂದು ನಿಂತು ಕೇಳಿದ್ದಳು. ನಾನು ಸರಿ ಎಂದು ತಲೆಯಾಡಿಸಿದೆ. ಅದೇ ಮಧ್ಯಾಹ್ನ ಡಾಕ್ಟರ ಎದುರು, “ಆಕಿ ನನ್ನ ಏನೂ ಕೇಳಿಲ್ರಿ” ಅಂದೆ. ಹಣೆಯ ಮೇಲೆ ವಿಭೂತಿ ಇತ್ತು. ದನಿ ನಡುಗಲಿಲ್ಲ.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಗಂಡನಿಗೆ ಹೇಳಿರಲಿಲ್ಲ. ಗುಡಿಯಲ್ಲಿ ಕಣ್ಣು ಮುಚ್ಚಿ ನಿಂತಾಗ ಶಿವನಿಗೂ ಹೇಳಿರಲಿಲ್ಲ. ಅವನಿಗೆ ಗೊತ್ತಿರುತ್ತದಲ್ಲ ಎನ್ನಬಹುದು ನೀವು. ಗೊತ್ತಿರುವವನ ಮುಂದೆಯೂ ಬಾಯಿ ಬಿಡದೆ, ಕೈ ಮುಗಿದು, ಅದು ಕೊಡು ಇದು ಕೊಡು ಎಂದು ಬೇಡುತ್ತ ನಿಂತೆನಲ್ಲ — ಆ ಸೊಕ್ಕಿಗೆ ಏನೆನ್ನಬೇಕು?

ಈಗ ನಾನು ಬ್ಯಾಡಗಿಯಲ್ಲಿ ಮನೆ ನೋಡಿಕೊಂಡಿರುವ ಹೆಂಗಸು. ನಮ್ಮ ಮನೆಯವರಿಗೆ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇದೆ. ಸಂಜೆ ದೀಪ ಹಚ್ಚಿದ ಮೇಲೆ ದಿನದ ಸಣ್ಣ ಸಣ್ಣ ಉಪಕಾರಗಳನ್ನು ನೆನೆಸಿಕೊಳ್ಳುವುದು ನನಗೆ ಎಳೆತನದಿಂದ ರೂಢಿ. ಅತ್ತೆಯ ಮೊಳಕಾಲು ಇಂದು ಅಷ್ಟಾಗಿ ನೋಯಲಿಲ್ಲ, ಹಿಟ್ಟು ರುಬ್ಬುವಾಗ ಕರೆಂಟು ಹೋಗಲಿಲ್ಲ, ಮಗಳು ಶಾಲೆಯಿಂದ ನಗುತ್ತ ಬಂದಳು — ಇಷ್ಟೇ. ಓಣಿಯವರು “ಶಿವಲೀಲಕ್ಕ ಭಾಳ ಸಮಾಧಾನದಾಕಿ” ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮೊದಲು ನಾನು ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅದರ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಓದುವವರ ಸಿಟ್ಟು ಆ ಕಟ್ಟಡದ ಕಡೆ ತಿರುಗುತ್ತದೆ, ನಾನು ಪಾರಾಗಿಬಿಡುತ್ತೇನೆ. ಹೊಸದಾಗಿ ಬಂದ ಹುಡುಗಿಯರನ್ನು ಅಲ್ಲಿ ಒಬ್ಬೊಬ್ಬ ಹಿರಿಯ ಸಿಸ್ಟರ್ ಕೈಗೆ ಒಪ್ಪಿಸುತ್ತಿದ್ದರು. ಆಕೆ ನಿಂತಲ್ಲಿ ನಿಂತು, ನಡೆದಲ್ಲಿ ನಡೆದು, ನೋಡಿ ಕಲಿಯಬೇಕು. ಮೇಟ್ರನ್ ಬಾಯಿ ಬಡಿಯುವ ಹುಡುಗಿಯರನ್ನು ಬೇಕೆಂದೇ ನನ್ನ ಕೈಗೆ ಕೊಡುತ್ತಿದ್ದರು. ನಾನು ಬಯ್ಯುವವಳಲ್ಲ. ಬರೀ ನೋಡುವವಳು. ನಾನು ಒಮ್ಮೆ ನೋಡಿದರೆ ಎಂಥ ಹುಡುಗಿಯೂ ನಾಲಿಗೆ ಒಳಗೆಳೆದುಕೊಳ್ಳುತ್ತಿದ್ದಳು. ಪ್ರಶ್ನೆ ಕೇಳುವುದನ್ನು ಬಿಟ್ಟ ದಿನ ಆಕೆ ಕೆಲಸ ಕಲಿತಳು ಎಂದು ನಾನು ತಿಳಿದುಕೊಳ್ಳುತ್ತಿದ್ದೆ. ಎಂಥ ಗುರು ನಾನು!

ಇನ್ನೊಂದು ಸಂಗತಿ. ಶ್ರಾವಣ ಸೋಮವಾರ ನನ್ನದು ಮೌನ. ಮಧ್ಯಾಹ್ನ ಮಹಾಮಂಗಳಾರತಿಯ ಹೊತ್ತಿನ ತನಕ ಮಾತಿಲ್ಲ, ಊಟವಿಲ್ಲ, ಮನಸ್ಸಿನಲ್ಲಿ ಜಪ. ತವರಿನಲ್ಲಿ ಅವ್ವ ಹಿಡಿದ ವ್ರತ, ನಾನೂ ಹಿಡಿದೆ. ಅವ್ವ ಹೊಲ ಮನೆಯಲ್ಲಿ ಹಿಡಿದಿದ್ದಳು. ನಾನು ವಾರ್ಡಿನಲ್ಲಿ ಹಿಡಿದೆ — ಕೋಟಿನ ಜೇಬಿನಲ್ಲಿ ರುದ್ರಾಕ್ಷಿ ಸರ, ಅದರೊಳಗೆ ಬೆರಳು. ಯಾರೂ ಬೇಡ ಅನ್ನಲಿಲ್ಲ. “ಇವತ್ತ ನಮ್ಮ ಸಿಸ್ಟರ್ ಶಿವನ ಜೋಡಿ ಮಾತಾಡಾಕತ್ತಾರ, ಯಾರೂ ನಡುವ ಬಾಯಿ ಹಾಕಬ್ಯಾಡ್ರಿ” ಎಂದು ಡಾಕ್ಟರೇ ನಗುತ್ತಿದ್ದರು. ರೋಗಿಗಳ ಕಡೆಯವರು ನನ್ನನ್ನು ನೋಡಿ ಕೈ ಮುಗಿಯುತ್ತಿದ್ದರು. ಅದೂ ನನಗೆ ಬೇಕಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಬೇಕಾಗಿತ್ತು. ಜೀವಕ್ಕೆ ಬಂದರೆ ಮೌನ ಮುರಿಯಬಹುದು ಎಂದು ನನಗೆ ನಾನೇ ಒಂದು ಕಟ್ಟಳೆ ಮಾಡಿಕೊಂಡಿದ್ದೆ. ಯಾವುದು ಜೀವಕ್ಕೆ ಬಂದದ್ದು, ಯಾವುದು ಅಲ್ಲ ಎಂದು ತೀರ್ಮಾನಿಸುವವಳೂ ನಾನೇ.

ಆ ಶ್ರಾವಣದಲ್ಲಿ ನನ್ನ ಕೈಗೆ ಬಂದವಳು ಸವಿತಾ. ಐರಣಿಯ ಹುಡುಗಿ. ತಂದೆ ಕುಮಾರಪಟ್ಟಣದಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗುತ್ತಿದ್ದರು; ಮನೆತನದಲ್ಲಿ ಬಿಳಿ ಕೋಟು ಹಾಕಿದ ಮೊದಲ ಹೆಣ್ಣುಮಗಳು ಎಂದು ಆಕೆಯೇ ಹೇಳಿಕೊಳ್ಳುತ್ತಿದ್ದಳು. ಕೇಳುವುದೆಂದರೆ ಆಕೆಗೆ ಉಸಿರಾಟ. “ಅಕ್ಕಾರ, ಇದನ್ನ ಊಟಕ್ಕ ಮೊದಲ ಯಾಕ ಕೊಡೂದ್ರಿ? ಅಕ್ಕಾರ, ಅವರದು ಬಲಗೈ ಯಾಕ ಬ್ಯಾಡ್ರಿ?” ಆಯಾ ಹನಮವ್ವ ಕಸ ಹೊಡೆಯುತ್ತ, “ಏ ತಂಗಿ, ನೀ ನರ್ಸೋ ಪೊಲೀಸೋ?” ಅಂದರೆ, “ಇಬ್ಬರಿಗೂ ಪಗಾರ ಕೇಳೂದಕ್ಕ ಕೊಡ್ತಾರಬೇ” ಎಂದು ನಗುತ್ತಿದ್ದಳು. ವಾರ್ಡೆಲ್ಲ ನಗುತ್ತಿತ್ತು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ನಾವು ಕಲಿಯುವಾಗ ಹಿರಿಯರ ಮುಂದೆ ಉಸಿರು ಬಿಡಲಿಲ್ಲ, ಇವಳಿಗೆ ಯಾಕೆ ಇಷ್ಟು ಸಲಿಗೆ — ನನ್ನ ಹೊಟ್ಟೆಯಲ್ಲಿದ್ದದ್ದು ಅದೇ. ನಾನು ತಿಂದ ಅವಮಾನವನ್ನು ಇವಳೂ ತಿನ್ನಲಿ ಎಂಬ ಹಟ. ಅದಕ್ಕೆ ಶಿಸ್ತು ಎಂದು ಹೆಸರಿಟ್ಟಿದ್ದೆ.

ಆ ಸೋಮವಾರ ಗಳಗನಾಥದ ಕಡೆಯ ನೀಲವ್ವ ಎಂಬ ಹಿರಿಯ ಹೆಂಗಸು ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದಳು. ಸಕ್ಕರೆ ಕಾಯಿಲೆ, ಕಾಲಿಗೆ ಮಾಯದ ಹುಣ್ಣು. ನಾಷ್ಟಾಕ್ಕೆ ಮೊದಲು ಇನ್ಸುಲಿನ್ ಕೊಡಬೇಕು. ವಾರ್ಡಿನ ಸೀಸೆ ಮುಗಿದಿತ್ತು. ಆಕೆಯ ಮಗ ಹೊರಗಿನ ಅಂಗಡಿಯಿಂದ ಒಂದು ತಂದುಕೊಟ್ಟಿದ್ದ. ಇನ್ಸುಲಿನ್ ಎರಡು ಬಗೆಯ ಗಟ್ಟಿತನದಲ್ಲಿ ಬರುತ್ತದೆ, ಒಂದೊಂದಕ್ಕೂ ಅದರದೇ ಗೆರೆಗಳಿರುವ ಸಿರಿಂಜ್ ಬೇಕು. ನಮ್ಮ ವಾರ್ಡಿನಲ್ಲಿದ್ದದ್ದು ತೆಳುವಾದದ್ದರ ಸಿರಿಂಜ್. ಮಗ ತಂದದ್ದು ಗಟ್ಟಿಯದು. ನಮ್ಮ ಸಿರಿಂಜಿನ ಗೆರೆ ನೋಡಿ ಅದನ್ನು ಎಳೆದರೆ ಎರಡು ಪಟ್ಟಿಗೂ ಮಿಕ್ಕಿ ಔಷಧ ಮೈಗೆ ಹೋಗುತ್ತದೆ.

ಸವಿತಾ ಅದನ್ನು ಗಮನಿಸಿದಳು. ಹೊಸ ಹುಡುಗಿ — ಗಮನಿಸಿದಳು.

“ಅಕ್ಕಾರ, ಈ ಬಾಟ್ಲಿ ಮ್ಯಾಲ ನಂಬರ್ ಬ್ಯಾರೆ ಐತ್ರಿ. ನಮ್ಮ ಸಿರಿಂಜ್ ನಡೀತೈತೇನ್ರಿ ಇದಕ್ಕ?”

ನನ್ನ ಬೆರಳು ಮಣಿಯ ಮೇಲಿತ್ತು. ಎಣಿಕೆ ತಪ್ಪಿದರೆ ಮೊದಲಿನಿಂದ ಹಿಡಿಯಬೇಕು. ಸೀಸೆಯನ್ನು ನಾನು ನೋಡಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನೋಡಿದೆ. ಮುಚ್ಚಳದ ಬಣ್ಣ ಬೇರೆ ಎಂದು ಕಣ್ಣಿಗೆ ಬಿತ್ತು, ಮನಸ್ಸಿಗೂ ಒಂದು ಕ್ಷಣ — ಆದರೆ ಬಾಯಿ ಬಿಡಬೇಕಲ್ಲ. ಈ ಹುಡುಗಿಯ ಒಂದು ಪ್ರಶ್ನೆಗಾಗಿ ನನ್ನ ವ್ರತ ಕೆಡಬೇಕೇ ಎಂಬ ಸಿಟ್ಟು. ಹುಬ್ಬು ಗಂಟಿಕ್ಕಿ, ಹೂಂ ನಡಿ ಎಂಬಂತೆ ತಲೆಯಾಡಿಸಿದೆ. ಆಕೆ ಇನ್ನೊಂದು ಗಳಿಗೆ ನಿಂತಳು. ನಾನು ಮುಖ ತಿರುಗಿಸಿದೆ.

ಕೈಯೆತ್ತಿ ತಡೆದಿದ್ದರೂ ಸಾಕಿತ್ತು. ಅದಕ್ಕೆ ಮೌನವೇನೂ ಮುರಿಯುತ್ತಿರಲಿಲ್ಲ.

ನೀಲವ್ವನ ಮೈ ಬೆವರಿನಲ್ಲಿ ತೊಯ್ದು, ಮಾತು ತೊದಲಿ, ಕಣ್ಣು ಮೇಲಾದಾಗ ಮೊದಲು ಕೂಗಿದವಳು ಸವಿತಾನೇ. ನನ್ನ ಮೌನ ಆಗ ಮುರಿಯಿತು. ಡಾಕ್ಟರು ಓಡಿ ಬಂದರು, ನರಕ್ಕೆ ಗ್ಲೂಕೋಸ್ ಹೋಯಿತು. ಬಹಳ ಹೊತ್ತಿನ ಮೇಲೆ ನೀಲವ್ವ ಕಣ್ಣು ತೆರೆದು, “ಯಾಕಬೇ, ಎಲ್ಲಾರೂ ನನ್ನ ಸುತ್ತ ನಿಂತೀರಿ, ನಾ ಏನ್ ಸತ್ತೇನೇನ?” ಅಂದಳು. ಬದುಕಿದಳು, ತಾಯಿ. ಅದು ಖರೇ ಉಪಕಾರ. ಅದನ್ನು ಮಾತ್ರ ಇಂದಿಗೂ ನೆನೆಯುತ್ತೇನೆ.

ಆಮೇಲೆ ಡಾಕ್ಟರು ಸೀಸೆ ಎತ್ತಿ ನೋಡಿದರು. ಅವರ ಮುಖ ಕೆಂಪಾಯಿತು.

“ಯಾರನ್ನ ಕೇಳಿ ಕೊಟ್ಟಿ ಇದನ್ನ?”

“ಅಕ್ಕಾರನ್ನ ಕೇಳಿದ್ನಿರಿ ಸರ್. ಅವರು ತಲಿ ಅಲಗಾಡಿಸಿದ್ರು.”

ಎಲ್ಲರೂ ನನ್ನ ಕಡೆ ತಿರುಗಿದರು. ಆಗ ನಾನು ಆ ಮಾತು ಹೇಳಿದೆ. ಕೇಳಿಲ್ರಿ.

ಸವಿತಾ ಅಳಲಿಲ್ಲ, ಜಗಳಾಡಲಿಲ್ಲ. “ಅಕ್ಕಾರ…” ಎಂದು ಒಂದು ಸಲ ಅಂದಳು. ಅಷ್ಟೇ. ಹನಮವ್ವ, ಅದೇ ನಗುತ್ತಿದ್ದ ಹನಮವ್ವ, “ಸುಮ್ಮನಿರ ಹುಡುಗಿ! ವ್ರತಾ ಹಿಡದ ಹೆಣಮಗಳ ಮ್ಯಾಲ ಹೊರಸ್ತೀಯಲ್ಲ, ನಾಲಿಗಿಗೆ ಹುಳಾ ಬಿದ್ದಾವು” ಅಂದಳು. ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅವರು? ಒಂದೇ ಒಂದು ಸಲ ನನ್ನ ಕಡೆ ತಿರುಗಿ, ಖರೇ ಹೇಳ್ರಿ ಸಿಸ್ಟರ್ ಅಂದಿದ್ದರೆ — ಇಲ್ಲ, ಅಂದಿದ್ದರೂ ನಾನು ಹೇಳುತ್ತಿದ್ದೆನೋ ಇಲ್ಲವೋ. ಆದರೂ ಅವರ ಮೇಲೆ ನನಗೆ ಸಿಟ್ಟಿದೆ. ಹಣೆ ನೋಡಿ ನ್ಯಾಯ ಹೇಳುವ ಎಲ್ಲರ ಮೇಲೂ ಇದೆ. ಮರುದಿನದಿಂದ ಬರಬೇಡ ಎಂದು ಆಕೆಗೆ ಹೇಳಿದರು. ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಆಕೆ ಮೆಟ್ಟಿಲಿಳಿದು ಹೋಗುವುದನ್ನು ನಾನು ನೋಡಿದೆ. ನೀರು ಕುಡಿಯುತ್ತ ನೋಡಿದೆ — ಉಪವಾಸ ಬಿಡುವ ಹೊತ್ತಾಗಿತ್ತು.

ಆ ಸಂಜೆ ದೀಪ ಹಚ್ಚಿ ಕೈ ಮುಗಿದಾಗ ನಾನು ನೆನೆದ ಉಪಕಾರ ಯಾವುದು ಗೊತ್ತೇ? “ಹೆಸರು ಉಳಿಸಿದಿ, ತಂದೆ.” ದೇವರನ್ನೂ ನನ್ನ ಸುಳ್ಳಿಗೆ ಪಾಲುದಾರನನ್ನಾಗಿ ಮಾಡಿಕೊಂಡವಳು ನಾನು.

ಎರಡನೆಯ ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಮರೆತೆ ಎಂದುಕೊಂಡೆ. ಹೋದ ತಿಂಗಳು ಮೇಟ್ರನ್ ಫೋನ್ ಮಾಡಿದರು. “ಹೊಸಾ ಹುಡುಗ್ಯಾರು ಬಂದಾರ್ರಿ ಶಿವಲೀಲಾ. ಒಂದಕ್ಕೂ ಅಂಜಿಕಿಲ್ಲ, ಬಾಯಿ ಬಿಟ್ರ ಯಾಕ, ಹೆಂಗ! ನಿಮ್ಮಂಥಾ ಶಾಂತ ಹೆಣಮಗಳು ಬೇಕ್ರಿ ತಯಾರ ಮಾಡಾಕ. ವಾರದಾಗ ಎರಡ ದಿನಾ ಬರ್ರಿ, ಸಾಕು.”

ಮೊದಲು ಬಂದದ್ದು ಸಂತೋಷ. ಅದನ್ನೂ ಮುಚ್ಚಿಡುವುದಿಲ್ಲ. ಮನೆಯವರಿಗೆ ಹೇಳಿದೆ, ಅವರೂ ಹಿಗ್ಗಿದರು. ಸಂಜೆ ದೀಪದ ಮುಂದೆ ನಿಂತು, ಇದೂ ನಿನ್ನ ದಯೆ ಎನ್ನಲು ಹೋದೆ — ನಾಲಿಗೆ ಏಳಲಿಲ್ಲ. ಇನ್ನೊಂದು ಹಿಂಡು ಸವಿತಾರನ್ನು ನನ್ನ ಕೈಗೆ ಕೊಡಲು ಕರೆಯುತ್ತಿದ್ದಾರೆ. ಕೇಳುವುದನ್ನು ಬಿಡಿಸಲು ಕರೆಯುತ್ತಿದ್ದಾರೆ.

ರಾಣೆಬೆನ್ನೂರಿಗೆ ಹೋಗಿ, ಡಾಕ್ಟರ ಮುಂದೆ, ಮೇಟ್ರನ್ ಮುಂದೆ ನಡೆದದ್ದನ್ನೆಲ್ಲ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

“ಮುಗದ ಕಥಿ ಬಿಡ್ರಿ ಸಿಸ್ಟರ್. ಪೇಶಂಟ್ ಆರಾಮಾಗಿ ಮನೀಗೆ ಹೋದ್ರಲ್ಲ.”

“ಆ ಹುಡುಗಿ ಸರ್?”

“ಯಾವ ಹುಡುಗಿ?”

ಮೇಟ್ರನ್ ನನ್ನ ಹೆಗಲ ಮೇಲೆ ಕೈಯಿಟ್ಟು, “ಎಷ್ಟ ಮನಸ್ಸಿಗೆ ಹಚ್ಕೊಂಡೀರಿ ಪಾಪ! ಅದಕ್ಕ ನಿಮ್ಮಂಥಾವರ ಬೇಕು ಅಂತೀನಿ. ಸೋಮವಾರ ಬಿಟ್ಟು ಯಾವಾಗರ ಬರ್ರಿ” ಅಂದರು. ತಪ್ಪೊಪ್ಪಿಕೊಂಡದ್ದಕ್ಕೂ ನನಗೆ ಶಭಾಷ್‌ಗಿರಿ! ಆ ಕೈ ಕೊಡವಿ ಎದ್ದು ಬಂದೆ. ಕಲಿಸಲು ಬರುವುದಿಲ್ಲ ಎಂದು ಬಾಗಿಲಲ್ಲೇ ಹೇಳಿದೆ.

ಸವಿತಾ ಹಾವೇರಿಯಲ್ಲಿದ್ದಾಳೆ ಎಂದು ಹನಮವ್ವನಿಂದ ಗೊತ್ತಾಯಿತು. ಬಸ್ ಸ್ಟ್ಯಾಂಡಿನ ಕಡೆಯ ಒಂದು ಬಟ್ಟೆ ಅಂಗಡಿಯಲ್ಲಿ ಕುಪ್ಪಸದ ಬಟ್ಟೆ ಹರಿದು ಕೊಡುತ್ತಾಳೆ. ನಾನು ಹೋದಾಗ ಗಿರಾಕಿಗಳಿರಲಿಲ್ಲ. “ಏನ್ ಬೇಕ್ರಿ…” ಅನ್ನುತ್ತ ತಲೆಯೆತ್ತಿದವಳು ಹಾಗೇ ನಿಂತಳು. ಕೂರಿ ಅನ್ನಲಿಲ್ಲ. ನಿಂತೇ ಹೇಳಿದೆ: ನೀನು ಕೇಳಿದ್ದಿ, ನಾನು ತಲೆಯಾಡಿಸಿದ್ದೆ, ಸುಳ್ಳು ಹೇಳಿದೆ.

ಆಕೆ ಬಟ್ಟೆಯ ಥಾನಿನ ಮೇಲೆ ಎರಡೂ ಕೈ ಊರಿದಳು.

“ಖರೇ ಕೇಳಿದ್ನೇನ್ರಿ ನಾನು?”

ನನಗೆ ಅರ್ಥವಾಗಲಿಲ್ಲ.

“ಕೇಳಿಲ್ಲ ಅಂತ ನೀವು ಅಷ್ಟು ಗಟ್ಟಿಯಾಗಿ ಅಂದ್ರಿ. ಎಲ್ಲಾರೂ ಹೌದು ಅಂದ್ರು. ಒಂದೀಟ ದಿನಾ ಆದ ಮ್ಯಾಲ ನನಗ ಅನಮಾನ ಬಂತರಿ — ಕೇಳೇ ಇಲ್ಲೇನೋ, ಕೇಳೀನಿ ಅಂತ ನನ್ನ ಮನಸ್ಸ ಕಟಗೊಂಡೈತೇನೋ. ಹಾವೇರ್ಯಾಗ ಬ್ಯಾರೆ ದವಾಖಾನಿಗೆ ಕರದ್ರು. ಹೋಗಲಿಲ್ಲ. ನನ್ನ ನೆನಪ ನನಗ ಖಾತ್ರಿ ಇಲ್ಲಂದ್ರ ಮಂದಿಗೆ ಹೆಂಗ ಸೂಜಿ ಚುಚ್ಚಲಿ?”

ಆಕೆಯ ಕೆಲಸ ಕಳೆದೆ ಎಂದು ಇಷ್ಟು ವರ್ಷ ತಿಳಿದಿದ್ದೆ. ನಾನು ಕಳೆದದ್ದು ಕೆಲಸವಲ್ಲ. ಸೀಸೆಯ ಮೇಲಿನ ಅಂಕಿಯನ್ನು ಹಿಡಿದ ಆ ಕಣ್ಣನ್ನು ಆಕೆಯೇ ನಂಬದಂತೆ ಮಾಡಿದೆ. ಕಲಿಸಲು ಕೊಟ್ಟ ಹುಡುಗಿಗೆ ನಾನು ಕಲಿಸಿದ್ದು ಇದೊಂದನ್ನೇ.

ಕ್ಷಮಿಸು ಎನ್ನಲು ಬಾಯಿ ತೆರೆದೆ. ಆಕೆ ಕೈಯೆತ್ತಿದಳು.

“ಅದನ್ನ ಕೇಳಬ್ಯಾಡ್ರಿ, ಕೊಡಾಕ ನನ್ನ ಹಂತೇಕ ಇಲ್ಲ. ನನ್ನೊಬ್ಬಾಕಿ ಮುಂದ ಹೇಳಿ ನೀವು ಹಗುರಾಗಿ ಹೋಗಬ್ಯಾಡ್ರಿ. ಅವತ್ತ ವಾರ್ಡ್ ತುಂಬ ಮಂದಿ ಇತ್ತು. ಹಂಗ ಮಂದಿ ಮುಂದ ಹೇಳ್ರಿ. ನನ್ನ ಹೆಸರೂ ಹಾಕ್ರಿ, ನಿಮ್ಮದೂ ಹಾಕ್ರಿ.”

ಅಷ್ಟರಲ್ಲಿ ತಾಯಿ ಮಗಳು ಇಬ್ಬರು ಅಂಗಡಿಯೊಳಗೆ ಬಂದರು. ಸವಿತಾ ಅವರ ಕಡೆ ತಿರುಗಿ, ಥಾನು ಬಿಚ್ಚಿದಳು.

ಮಂದಿ ಓದಲೆಂದು, ಪತ್ರಿಕೆಗೆ ಕಳಿಸಲು ಬರೆದದ್ದನ್ನು ಮನೆಯವರು ಓದಿದರು. ಹಾಳೆ ಮಡಚಿಟ್ಟು, “ಹೆಸರು ಬ್ಯಾಡ. ಊರಾಗ ಅಂಗಡಿ ಐತಿ, ನಾಳೆ ಹೆಣ್ಣು ಹುಡುಗಿ ಲಗ್ನ ಮಾಡೂದೈತಿ” ಅಂದರು. ಆಕೆಯೂ ಒಬ್ಬರ ಮನೆಯ ಹೆಣ್ಣು ಹುಡುಗಿಯೇ ಆಗಿದ್ದಳು ಅಂದೆ. ಅವರು ಎದ್ದು ಹೊರಗೆ ಹೋದರು. ಇನ್ನೂ ನನ್ನ ಜೊತೆ ನೆಟ್ಟಗೆ ಮಾತಾಡಿಲ್ಲ.

ಹುಡುಗಿಯ ಹೆಸರು ಸವಿತಾ, ಐರಣಿಯವಳು. ನಾನು ಶಿವಲೀಲಾ. ಬ್ಯಾಡಗಿಯಲ್ಲಿ ಪಂಪ್‌ಸೆಟ್ ಅಂಗಡಿಯವರ ಮನೆ ಯಾವುದು ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಬನ್ನಿ, ಕೇಳಿ. ಇನ್ನು ಮೇಲೆ ಎಷ್ಟು ಸಲ ಕೇಳಿದರೂ ಬಾಯಿ ಬಿಟ್ಟು ಹೇಳುತ್ತೇನೆ.