ಮೊಳದುದ್ದ ಹರಿದ ಪರದೆ, ಮೂರು ದಿನದ ಗಡುವು

ಗುರುವಾರ ಬೆಳಿಗ್ಗೆ ಐದೂವರೆ. ಚನ್ನಪಟ್ಟಣದ ಶಶಿಕಿರಣ ಟಾಕೀಸಿನೊಳಗೆ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಆಪರೇಟರ್ ತಾಜ್ ಪಾಷಾ ಏಣಿ ಹತ್ತಿ ಪರದೆಯ ಹಿಂದೆ ನಿಂತಿದ್ದಾರೆ. ವಯಸ್ಸು ಅರವತ್ತೊಂದು. ಪರದೆ ಮೊಳದುದ್ದ ಹರಿದಿದೆ. ಹೋದ ಸಲ ದೊಡ್ಡ ಪಿಕ್ಚರ್ ಬಂದಾಗ ಅಭಿಮಾನಿಗಳು ಪರದೆಯ ಮುಂದಿನ ಕಟ್ಟೆ ಹತ್ತಿ ಕುಣಿದರು, ಯಾರದೋ ಬೆಲ್ಟಿನ ಬಕಲ್ಲು ಸಿಕ್ಕಿಕೊಂಡು ಎಳೆದುಬಿಟ್ಟಿತು.

ಪರದೆಯ ಕೆಳಗಂಚಿನಲ್ಲಿ, ಕಪ್ಪು ಬಟ್ಟೆ ಮುಚ್ಚಿಕೊಳ್ಳುವ ಕಡೆಯಿಂದ, ಅವರು ಒಂದು ಪಟ್ಟಿ ಕತ್ತರಿಸಿಕೊಂಡಿದ್ದಾರೆ. ಹಿಂದಿನಿಂದ ಅದನ್ನು ಅಂಟಿಸಬೇಕು. ಆದರೆ ಸಿನಿಮಾ ಪರದೆಯ ತುಂಬ ಸೂಜಿಮೊನೆಯಷ್ಟು ತೂತುಗಳಿರುತ್ತವೆ. ಹಿಂದಿಟ್ಟ ಸ್ಪೀಕರಿನ ಸದ್ದು ಆ ತೂತುಗಳಿಂದಲೇ ನಮ್ಮ ಕಿವಿಗೆ ಬರುವುದು. ಅಂಚಿನ ಪಟ್ಟಿಯಲ್ಲಿ ತೂತುಗಳಿಲ್ಲ. ಅದಕ್ಕೇ ಹೆಂಡತಿ ಅಕ್ಬರಿ ಬೇಗಂ ಮೊದಲ ಸಾಲಿನಲ್ಲಿ ಕೂತು, ಪಟ್ಟಿಯನ್ನು ಹಲಗೆಯ ಮೇಲೆ ಹರಡಿಕೊಂಡು ಸೂಜಿಯಿಂದ ಒಂದೊಂದೇ ತೂತು ಹಾಕುತ್ತಿದ್ದಾರೆ. ಮೂವತ್ತು ವರ್ಷ ಬಿಸಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿದ ಬೆರಳುಗಳು. ಸಾಲು ತಪ್ಪುವುದಿಲ್ಲ.

"ಇಷ್ಟ್ ನಿಗಾ ನನ್ ಶರ್ಟಿನ್ ಗುಂಡಿ ಮ್ಯಾಲೆ ಒಂದಿನಾನೂ ಇರ್ಲಿಲ್ಲ," ಎನ್ನುತ್ತಾರೆ ಪಾಷಾ.

"ನಿಮ್ ಶರ್ಟ್ ನೋಡಕ್ಕೆ ಆರ್ನೂರ್ ಜನ ಬತ್ತಾರಾ?" ಬೇಗಂ ತಲೆ ಎತ್ತುವುದಿಲ್ಲ.

ಕಸ ಗುಡಿಸುತ್ತಿದ್ದ ಮುನಿಯಮ್ಮ ಪೊರಕೆ ಊರಿ ನಗುತ್ತಾರೆ. "ಒಸಿ ಬಿಗಿಯಾಗ್ ಅಂಟ್ಸಿ ಸಾಬ್ರೇ. ಹೀರೋ ಮೂತಿ ಸೊಟ್ಟಗ್ ಕಂಡ್ರೆ ಹೈಕ್ಳು ನಿಮ್ಮುನ್ನೇ ಎಳ್ಕಬಂದು ಕುಣುಸ್ಬುಡ್ತಾರೆ."

ಮೂವರೂ ನಗುತ್ತಾರೆ, ಕೈ ಮಾತ್ರ ನಿಲ್ಲಿಸುವುದಿಲ್ಲ. ಮಾಲೀಕ ಜಯಕುಮಾರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ನಾಳೆ ಶುಕ್ರವಾರ ಬಿಡುಗಡೆಯಾಗುವ ದೊಡ್ಡ ಚಿತ್ರ ಭಾನುವಾರದ ತನಕ ತುಂಬಿದರೆ ಟಾಕೀಸು ಉಳಿಯುತ್ತದೆ. ಇಲ್ಲದಿದ್ದರೆ ಸೋಮವಾರ ಕುರ್ಚಿ ಕೀಳುವವರು ಬರುತ್ತಾರೆ, ಕಟ್ಟಡ ಕಲ್ಯಾಣ ಮಂಟಪವಾಗುತ್ತದೆ.

ಪಾಷಾ ಅವರ ತಂದೆ ಬೊಂಬೆಗೆ ಅರಗು ಹಚ್ಚುತ್ತಿದ್ದವರು. ಮಗ ಮೂವತ್ತೆಂಟು ವರ್ಷದ ಹಿಂದೆ ರೀಲು ಹೊರಲು ಇಲ್ಲಿ ಸೇರಿದರು. ಆಗ ಪಿಕ್ಚರು ಬೆಂಗಳೂರಿನಲ್ಲಿ ನೂರು ದಿನ ಓಡಿ, ಸವೆದು ಇತ್ತ ಬರುತ್ತಿತ್ತು. ರಾಮನಗರಕ್ಕೂ ಚನ್ನಪಟ್ಟಣಕ್ಕೂ ಸೇರಿ ಒಂದೇ ಪ್ರಿಂಟು. ಅಲ್ಲಿ ಒಂದು ಗಂಟೆ ಮೊದಲು ಆಟ ಶುರು. ಅಲ್ಲಿ ಮುಗಿದ ರೀಲುಗಳನ್ನು ಎರಡೆರಡಾಗಿ ಲೂನಾ ಮೊಪೆಡ್ಡಿನಲ್ಲಿ ಇವರು ಇಲ್ಲಿಗೆ ತರಬೇಕು. ಒಮ್ಮೆ ಅವಸರದಲ್ಲಿ ಹತ್ತನೆಯದನ್ನು ಬಿಟ್ಟು ಹನ್ನೊಂದು, ಹನ್ನೆರಡನ್ನು ತಂದರು. ಜನ ಕೂಗುತ್ತಿದ್ದರು, ಬಂದದ್ದನ್ನೇ ಹಾಕಿದರು. ನಾಯಕ ಸತ್ತು, ಹೆಣ ಎತ್ತಿ, ಎಲ್ಲ ಅತ್ತಾದ ಮೇಲೆ ಹತ್ತನೇ ರೀಲು ಬಂತು. ಅದರಲ್ಲಿ ಅವನು ತೋಟದಲ್ಲಿ ಹಾಡು ಹೇಳುತ್ತಿದ್ದ. ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಮಾರನೇ ದಿನ ಕೋಡಿಹಳ್ಳಿ ಕಡೆಯವರೊಬ್ಬರು ಕೌಂಟರಿಗೆ ಬಂದು, "ನೆನ್ನೆ ತೋರುಸ್ದಂಗೇ ತೋರ್ಸಿ, ಸತ್ತೋನು ಎದ್ ಬರ್ಬೇಕು" ಎಂದು ಹಟ ಹಿಡಿದರಂತೆ.

ಈಗ ಪಿಕ್ಚರು ಅಂಗೈಯಗಲದ ಡಬ್ಬಿಯಲ್ಲಿ ಬರುತ್ತದೆ. ಬೀಗ ತೆಗೆಯುವ ಕೀ ಕಂಪ್ಯೂಟರಿಗೆ ಬರುತ್ತದೆ. ಬೆಂಗಳೂರಿನ ಮಾಲಿನಲ್ಲೂ ಇಲ್ಲೂ ಅದೇ ಶುಕ್ರವಾರ. ಬ್ಲಾಕ್‌ಬಸ್ಟರ್ ಎನ್ನುವುದು ಹೇಗೆ ಹುಟ್ಟಿತೆಂದು, ಇದನ್ನೆಲ್ಲ ಬರೆದುಕೊಳ್ಳಲು ಬಂದಿದ್ದ ನಾನು ಕೇಳಿದೆ. ಪಾಷಾ ಅಂಟಿನ ಡಬ್ಬಿ ಮುಚ್ಚಿಟ್ಟು ಹೇಳುತ್ತಾರೆ:

"ನೋಡಿ ಅಣ್ಣಾ, ಮೊದ್ಲು ಒಂದ್ ಪ್ರಿಂಟು ಎರಡೂರು ಸಾಕ್ತಿತ್ತು. ಈಗ ಐದ್ ಭಾಷೇಲಿ ಮಾತಾಡ್ಸಿ ಇಡೀ ದೇಶಕ್ಕೆ ಒಂದೇ ದಿನ ಬಿಡ್ತಾರೆ. ತಿಂಗ್ಳಾದ್ರೆ ಫೋನಲ್ಲೇ ಬಂದ್ಬುಡ್ತದೆ. ಅದ್ಕೇ ಮೂರ್ ದಿನದಾಗೇ ಬಾಚ್ಕಬೇಕು. ರೇಟೂ ಏರುಸ್ತಾರೆ. ಜನಾನೂ ಕಮ್ಮಿ ಇಲ್ಲ. ಮನೇಲಿ ಟೀವಿ ಐತೆ, ಕೈಲಿ ಫೋನ್ ಐತೆ. ಅದ್ರಾಗೆ ಹಿಡೀದೇ ಇರೋವಂಥಾದ್ದು ಬಂದ್ರೇನೇ ಅವ್ರು ಎದ್ದು ಬರೋದು. ಆನೆ ಬಂದಂಗಿರ್ಬೇಕು, ಎದೆ ಗುಡುಗ್ಬೇಕು."

ಅಂಥದ್ದು ವರ್ಷಕ್ಕೆ ಎರಡೋ ಮೂರೋ. ಮಿಕ್ಕ ದಿನ ಆರುನೂರ ಹನ್ನೆರಡು ಸೀಟಿಗೆ ನಲವತ್ತು ಜನ. ಹೆದ್ದಾರಿ ಅಗಲವಾದ ಮೇಲೆ ಕಾರಿದ್ದವರು ಮುಕ್ಕಾಲು ಗಂಟೆಯಲ್ಲಿ ಬೆಂಗಳೂರು ಸೇರುತ್ತಾರೆ. ಉಳಿದವರಿಗೆ ಇಲ್ಲೇ ಒಳ್ಳೆಯ ಸದ್ದು, ಒಳ್ಳೆಯ ಬೆಳಕು ಕೊಡಬೇಕು. "ಬಡವ್ರ ಕಣ್ಣು ಬ್ಯಾರೆ, ಸಾಹುಕಾರ್ರ ಕಣ್ಣು ಬ್ಯಾರೆ ಅಂತ ಇಲ್ವಲ್ಲಾ," ಎನ್ನುತ್ತಾರೆ ಪಾಷಾ.

ಎಂಟು ಗಂಟೆಗೆ ಪಟ್ಟಿ ಕೂರುತ್ತದೆ. ಅವರು ಬರೀ ಬಿಳಿ ಬೆಳಕು ಬಿಟ್ಟು, ಬಾಲ್ಕನಿಯಿಂದ ಹಿಡಿದು ಪರದೆ ಬುಡದ ಅಗ್ಗದ ಗಾಂಧಿ ಕ್ಲಾಸಿನ ಮೂಲೆಯ ತನಕ ಒಂದೊಂದು ಕಡೆ ಕೂತು ನೋಡುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಸದ್ದು ಕೇಳುತ್ತಾರೆ. ಎರಡು ಸಲ ಏಣಿ ಹತ್ತಿ ಅಂಚು ತೀಡುತ್ತಾರೆ. ಮೂರನೆಯ ಸಲ ಕೂತು ನೋಡಿ ಏಣಿ ತೆಗೆದಿಡುತ್ತಾರೆ.

ಶುಕ್ರವಾರ ಬೆಳಿಗ್ಗೆ ಆರರ ಆಟಕ್ಕೆ ರಸ್ತೆ ತನಕ ಜನ. ಮಾಗಡಿ, ಕನಕಪುರದ ಕಡೆಯಿಂದಲೂ ಬೈಕುಗಳು ಬಂದಿವೆ. ನಾಯಕನ ಮುಖ ಕಂಡ ಕೂಡಲೇ ಹತ್ತಾರು ಹುಡುಗರು ಪರದೆಯತ್ತ ನುಗ್ಗುತ್ತಾರೆ. ಕಟ್ಟೆಯ ಮೆಟ್ಟಿಲಿಗೆ ಅಡ್ಡಲಾಗಿ ಮುನಿಯಮ್ಮ ಬೆಂಚು ಹಾಕಿಕೊಂಡು ಕೂತಿದ್ದಾರೆ.

"ಕುಣೀರ್ಲಾ, ಯಾರ್ ಬ್ಯಾಡ ಅಂದೋರು? ಕೆಳಗ್ ಕುಣೀರಿ! ಮ್ಯಾಕ್ ಹತ್ತಿದ್ರೆ ಪೊರ್ಕೆ ಐತೆ!"

ಹುಡುಗರು ಕೆಳಗೇ ಕುಣಿಯುತ್ತಾರೆ. ಮೇಲೆ ಪ್ರೊಜೆಕ್ಟರ್ ಕೋಣೆಯ ಕಿಂಡಿಯಲ್ಲಿ ಪಾಷಾ ಅಲುಗಾಡದೆ ನಿಂತಿದ್ದಾರೆ. ಕಥೆಯನ್ನು ಅವರು ನೋಡುತ್ತಿಲ್ಲ, ಪಟ್ಟಿ ಅಂಟಿಸಿದ ಜಾಗವನ್ನು ನೋಡುತ್ತಿದ್ದಾರೆ.

ಶನಿವಾರ ನಾಲ್ಕೂ ಆಟ ತುಂಬುತ್ತವೆ. ಭಾನುವಾರ ಮಧ್ಯಾಹ್ನ, ಮ್ಯಾಟ್ನಿಗೆ ಬಂದ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಒಳಗೆ ಹೋಗುತ್ತಿರುವಾಗ, ಜಯಕುಮಾರ್ ಪ್ರೊಜೆಕ್ಟರ್ ಕೋಣೆಗೆ ಬಂದು ಬಾಗಿಲಿಗೆ ಒರಗುತ್ತಾರೆ.

"ಕುರ್ಚಿಯೋರ್ಗೆ ಬರ್ಬ್ಯಾಡಿ ಅಂತ ಫೋನ್ ಮಾಡ್ದೆ ಪಾಷಾ. ಯುಗಾದಿ ತನ್ಕ ನೋಡಾಣ. ಈಗೇನು, ಖುಷಿನಾ?"

ಪಾಷಾ ಕೈ ಮುಗಿಯುವುದಿಲ್ಲ, ನಗುವುದೂ ಇಲ್ಲ. ಯಂತ್ರದ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಾರೆ.

"ಹಂಗಾದ್ರೆ ಈ ಲ್ಯಾಂಪು ಸಾಲಲ್ಲ ಸಾರ್. ಇನ್ನು ಹದಿನೈದ್ ದಿನ ಬಂದ್ರೆ ಹೆಚ್ಚು. ಯುಗಾದಿ ತನ್ಕ ಉರಿಯೋದು ಒಂದು ತರ್ಸಿ."